ಸಂಸಾರಿ ಚಳಿ, ಸನ್ಯಾಸಿ ಚಳಿ

ಡಿಸೆಂಬರ್ ಬಂತೆಂದರೆ ಬೆಂಗಳೂರಿನವರಿಗೆ ಮಾತಿಗೆ ಬರವಿಲ್ಲ. 'ಈ ಸಲ ಚಳಿ ಜಾಸ್ತಿ ಅಲ್ವಾ?' ಎಂದು ಒಬ್ಬರು ಶುರುಮಾಡಿದರೆ ಸಾಕು, 'ಇದೇನು ಮಹಾ, ನಮ್ಮ ಕಾಲದಲ್ಲಿ ನೋಡಬೇಕಿತ್ತು' ಎಂದು ಎದುರಿನವರು ಕಣಕ್ಕಿಳಿಯುತ್ತಾರೆ. ಹದಿನಾರು ಡಿಗ್ರಿಗೆ ಸ್ವೆಟರು, ಹದಿನಾಲ್ಕಕ್ಕೆ ಮಂಕಿ ಕ್ಯಾಪು, ಹನ್ನೆರಡಕ್ಕೆ ಕಿವಿಗೆ ಹತ್ತಿ, ಅದಕ್ಕೂ ಕೆಳಗಿಳಿದರೆ ಪತ್ರಿಕೆಯ ಮುಖಪುಟ. ಈ ಪಂದ್ಯದಲ್ಲಿ ನಿಜವಾಗಿ ಗೆದ್ದವರು ಮಾತ್ರ ಈಗ ಯಾರೂ ಉಳಿದಿಲ್ಲ. ನಗರದ ದಾಖಲೆ ಚಳಿ 7.8 ಡಿಗ್ರಿ. ಅದನ್ನು ಅಳೆದದ್ದು 1884ರ ಜನವರಿ 13ರಂದು.

ನಮ್ಮ ಪಂದ್ಯ ಬೀದಿಯದಾದರೆ ಭೂಖಂಡಗಳ ನಡುವೆಯೂ ಇಂಥದೊಂದು ಪಂದ್ಯ ನಡೆದೇ ಇದೆ. ಅದರ ಅಂಕಪಟ್ಟಿ ವಿಶ್ವ ಹವಾಮಾನ ಸಂಸ್ಥೆಯ ಬಳಿ ಇದೆ. ಆ ಪಟ್ಟಿಯ ಮೇಲೆ ಕಣ್ಣಾಡಿಸಿದಾಗಲೆಲ್ಲ ನನಗೆ ಅನ್ನಿಸುವುದಿಷ್ಟು: ಲೋಕದಲ್ಲಿ ಚಳಿಗಳು ಎರಡೇ ಜಾತಿ. ಒಂದು ಸನ್ಯಾಸಿ ಚಳಿ, ಇನ್ನೊಂದು ಸಂಸಾರಿ ಚಳಿ. ಮೊದಲನೆಯದಕ್ಕೆ ಊರಿಲ್ಲ, ಮನೆಯಿಲ್ಲ, ಹೆಂಡತಿ ಮಕ್ಕಳಿಲ್ಲ. ಏಕಾಂತದಲ್ಲಿ ತಪಸ್ಸಿಗೆ ಕೂತಿರುತ್ತದೆ. ಎರಡನೆಯದು ಜನರ ನಡುವೆ ಇದ್ದು, ಶಾಲೆ ಸಂತೆ ಮದುವೆ ಮಸಣಗಳಲ್ಲೆಲ್ಲ ಓಡಾಡಿಕೊಂಡಿರುತ್ತದೆ.

ಸನ್ಯಾಸಿಗಳಲ್ಲಿ ಪೀಠಾಧಿಪತಿ ಇರುವುದು ದಕ್ಷಿಣಾರ್ಧಗೋಳದಲ್ಲಿ. 1983ರ ಜುಲೈ 21. ನಮ್ಮಲ್ಲಿ ಆಷಾಢ, ಮಲೆನಾಡಿನಲ್ಲಿ ಜಡಿಮಳೆ ಹಿಡಿಯುವ ಹೊತ್ತು. ಅಂಟಾರ್ಕ್ಟಿಕಾದ ನಟ್ಟನಡುವಿನ ವೋಸ್ತೋಕ್ ಎಂಬ ಸೋವಿಯತ್ ಠಾಣೆಯಲ್ಲಿ ಅಂದು ಮೈನಸ್ 89.2 ಡಿಗ್ರಿ ದಾಖಲಾಯಿತು. ಮದುವೆ ಆರತಕ್ಷತೆಯಲ್ಲಿ ವಧೂವರರ ಕಾಲಬುಡದಲ್ಲಿ ಬಿಳಿ ಹೊಗೆ ಎಬ್ಬಿಸಲು ಡ್ರೈ ಐಸ್ ತರುತ್ತಾರಲ್ಲ, ಅದು ಮೈನಸ್ 78.5 ಡಿಗ್ರಿಯದು. ವೋಸ್ತೋಕಿನ ಅಂದಿನ ಗಾಳಿಯ ಮುಂದೆ ಅದೂ ಬೆಚ್ಚಗಿನ ಪದಾರ್ಥವೇ.

ಇಷ್ಟು ಚಳಿ ಸುಮ್ಮನೆ ಬರುವುದಿಲ್ಲ. ಠಾಣೆ ಸಮುದ್ರಮಟ್ಟದಿಂದ 3,488 ಮೀಟರ್ ಎತ್ತರದಲ್ಲಿದೆ. ಕಾಲಡಿ ಮೂರೂವರೆ ಕಿಲೋಮೀಟರಿಗೂ ಮಿಕ್ಕಿದ ದಪ್ಪದ ಮಂಜುಗಡ್ಡೆ. ಏಪ್ರಿಲ್ ಕೊನೆಯಿಂದ ಆಗಸ್ಟ್‌ವರೆಗೆ ಸೂರ್ಯ ಮುಖ ತೋರಿಸುವುದಿಲ್ಲ. ಮೋಡವಿಲ್ಲದ ಒಣ ಆಕಾಶದ ಕೆಳಗೆ ನೆಲದ ಅಳಿದುಳಿದ ಶಾಖವೂ ಮೇಲಕ್ಕೆ ಸೋರಿಹೋಗುತ್ತದೆ. ಖಂಡದ ಸುತ್ತ ಗಿರಗಿರನೆ ತಿರುಗುವ ಗಾಳಿ, ಸಮುದ್ರದ ಕಡೆಯ ಬೆಚ್ಚನೆಯ ಗಾಳಿಯನ್ನು ಒಳಗೆ ಬಿಡದೆ ಬಾಗಿಲು ಕಾಯುತ್ತದೆ. 1983ರ ಆ ಜುಲೈಯಲ್ಲಿ ಸುಮಾರು ಹತ್ತು ದಿನ ಹೊರಗಿನ ಬಿಸುಪು ಒಂದಿಷ್ಟೂ ಒಳನುಸುಳಲಿಲ್ಲ. ತಮಾಷೆಯೆಂದರೆ, ಅದೇ ಠಾಣೆಯ ಅಡಿಯಲ್ಲಿ, ಮಂಜುಗಡ್ಡೆಯ ತಳದಲ್ಲಿ, ಹೆಪ್ಪುಗಟ್ಟದ ನೀರಿನ ದೊಡ್ಡ ಸರೋವರವೊಂದಿದೆ. ಭೂಮಿಯ ಒಡಲಿನ ಶಾಖ, ಮೇಲಿನ ಮಂಜಿನ ಭಾರ ಮತ್ತು ಅದೇ ಮಂಜಿನ ಕಂಬಳಿ, ಮೂರೂ ಸೇರಿ ಅದನ್ನು ನೀರಾಗಿಯೇ ಉಳಿಸಿವೆ.

ಅದೇ ಪ್ರಸ್ಥಭೂಮಿಯ ತಗ್ಗುಗಳಲ್ಲಿ ಮೈನಸ್ 98ರ ಹತ್ತಿರ ಹೋಗುತ್ತದೆಂದು ಉಪಗ್ರಹಗಳು ಹೇಳುತ್ತವೆ. ಅಂಕಪಟ್ಟಿಯವರು ಅದನ್ನು ಒಪ್ಪುವುದಿಲ್ಲ. ಉಪಗ್ರಹ ನೋಡುವುದು ಹಿಮದ ಮೈಯನ್ನು. ನಿಯಮದ ಪ್ರಕಾರ ಅಳೆಯಬೇಕಾದದ್ದು ನೆಲದಿಂದ ಆಳೆತ್ತರದೊಳಗೆ, ನೆರಳಿನಲ್ಲಿ ಇಟ್ಟ ಥರ್ಮಾಮೀಟರಿಗೆ ತಾಗುವ ಗಾಳಿಯನ್ನು. ಚಳಿಗೂ ನಿಯಮಾವಳಿ ಉಂಟು. ಅದಿಲ್ಲದೆ ಹೋದರೆ ಪ್ರತಿ ಊರಿನವರೂ ತಮ್ಮ ಫ್ರಿಜ್ಜಿನ ಬಾಗಿಲು ತೆರೆದು ದಾಖಲೆ ಬರೆಸಿಯಾರು.

ಹಾಗಾದರೆ ದಕ್ಷಿಣಾರ್ಧಗೋಳವೇ ಹೆಚ್ಚು ಚಳಿಯದೋ? ಅಂಟಾರ್ಕ್ಟಿಕಾವನ್ನು ಆಚೆಗಿಟ್ಟು ನೋಡಿ, ಬಣ್ಣ ಬಯಲಾಗುತ್ತದೆ. ದಕ್ಷಿಣ ಅಮೆರಿಕದ ದಾಖಲೆ ಅರ್ಜೆಂಟೀನಾದ ಸಾರ್ಮಿಯೆಂಟೊದಲ್ಲಿ 1907ರಲ್ಲಿ ಬಿದ್ದ ಮೈನಸ್ 32.8. ನ್ಯೂಜಿಲೆಂಡಿನ ರಾನ್‌ಫರ್ಲಿಯದು 1903ರ ಮೈನಸ್ 25.6. ಆಸ್ಟ್ರೇಲಿಯಾದ್ದು ಶಾರ್ಲಟ್ ಪಾಸ್‌ನಲ್ಲಿ 1994ರ ಮೈನಸ್ 23. ಆಫ್ರಿಕಾದ ದಾಖಲೆಯಂತೂ ದಕ್ಷಿಣದಲ್ಲೇ ಇಲ್ಲ; ಉತ್ತರದ ಮೊರೊಕ್ಕೊದಲ್ಲಿ, ಅಟ್ಲಾಸ್ ಬೆಟ್ಟಸಾಲಿನ ಇಫ್ರಾನ್ ಎಂಬ ಊರಲ್ಲಿ 1935ರ ಫೆಬ್ರುವರಿಯಲ್ಲಿ ಬಿದ್ದ ಮೈನಸ್ 23.9. ಸೈಬೀರಿಯಾದವರ ಮುಂದೆ ಹೇಳಿದರೆ ನಕ್ಕಾರು ಅನ್ನುವಂಥ ಅಂಕಗಳು ಇವು.

ಲೆಕ್ಕಕ್ಕೆ ನೋಡಿದರೆ ದಕ್ಷಿಣದ ಚಳಿಗಾಲವೇ ಕಠಿಣವಾಗಬೇಕಿತ್ತು. ಜುಲೈ ಮೊದಲ ವಾರ ಭೂಮಿ ಸೂರ್ಯನಿಂದ ಅತಿ ದೂರದಲ್ಲಿರುತ್ತದೆ, ಜನವರಿಗಿಂತ ಸುಮಾರು 50 ಲಕ್ಷ ಕಿಲೋಮೀಟರ್ ದೂರ. ಆದರೂ ಅಲ್ಲಿ ಚಳಿ ಹದದಲ್ಲಿರುವುದಕ್ಕೆ ಕಾರಣ ನೀರು. ದಕ್ಷಿಣಾರ್ಧದ ಐದರಲ್ಲಿ ನಾಲ್ಕು ಪಾಲು ಸಮುದ್ರ. ಸಮುದ್ರ ಬೇಸಿಗೆಯ ಶಾಖವನ್ನು ಜಿಪುಣನ ಹಾಗೆ ಕೂಡಿಟ್ಟು, ಚಳಿಗಾಲದಲ್ಲಿ ಅಷ್ಟಷ್ಟೇ ಬಿಚ್ಚುತ್ತದೆ. ಉತ್ತರದಲ್ಲಿ ನೆಲ ಹೆಚ್ಚು. ನೆಲಕ್ಕೆ ಉಳಿತಾಯ ಗೊತ್ತಿಲ್ಲ. ಬಂದದ್ದನ್ನು ಬಂದಂತೆ ಕಳೆದು ಡಿಸೆಂಬರಿಗೆ ದಿವಾಳಿ ಎದ್ದಿರುತ್ತದೆ. ಉತ್ತರ ಧ್ರುವಕ್ಕಿಂತ ಸೈಬೀರಿಯಾದ ಒಳನಾಡಿನಲ್ಲೇ ಚಳಿ ಹೆಚ್ಚಿರುವುದು ಇದರಿಂದಲೇ. ಧ್ರುವದಲ್ಲಿ ತೇಲುವ ಮಂಜಿನ ಕೆಳಗೆ ಸಮುದ್ರವಿದೆ, ಸೈಬೀರಿಯಾದಲ್ಲಿ ನೆಲವೇ ಕಲ್ಲಾಗಿದೆ.

ಸಂಸಾರಿ ಚಳಿಯ ತವರು ಈ ಸೈಬೀರಿಯಾದ ಯಾಕೂತಿಯಾ ಸೀಮೆ. ಅಲ್ಲಿ ವೆರ್ಖೊಯಾನ್ಸ್ಕ್ ಮತ್ತು ಒಯ್ಮ್ಯಾಕೋನ್ ಎಂಬ ಎರಡು ಊರುಗಳಿಗೆ ಬಹುಕಾಲದ ಪೈಪೋಟಿ. ವೆರ್ಖೊಯಾನ್ಸ್ಕಿನಲ್ಲಿ 1892ರ ಫೆಬ್ರುವರಿಯಲ್ಲಿ ಮೈನಸ್ 67.8, ಒಯ್ಮ್ಯಾಕೋನಿನಲ್ಲಿ 1933ರಲ್ಲಿ ಹೆಚ್ಚುಕಡಿಮೆ ಅಷ್ಟೇ. ಅಂಕಪಟ್ಟಿಯವರು ನ್ಯಾಯ ಹೇಳಲಾರದೆ ಇಬ್ಬರನ್ನೂ ಒಂದೇ ಮಣೆಯ ಮೇಲೆ ಕೂರಿಸಿದ್ದಾರೆ. ಒಯ್ಮ್ಯಾಕೋನಿನವರು ಅಷ್ಟಕ್ಕೆ ಸುಮ್ಮನಾಗದೆ, ಮೈನಸ್ 71.2 ಎಂದು ಕೆತ್ತಿಸಿದ ಸ್ಮಾರಕವನ್ನೇ ನಿಲ್ಲಿಸಿಕೊಂಡಿದ್ದಾರೆ. ಅದು ಅಳೆದದ್ದಲ್ಲ, ಅಂದಾಜಿಸಿದ್ದು. ಇರಲಿ, ಊರ ಅಭಿಮಾನಕ್ಕೆ ಮೂರು ಡಿಗ್ರಿ ರಿಯಾಯಿತಿ ಕೊಡೋಣ.

ನಮ್ಮಲ್ಲಿ ಶಿವರಾತ್ರಿಗೆ ಚಳಿ 'ಶಿವಶಿವಾ' ಅಂತ ಓಡಿಹೋಗುತ್ತದೆ ಎನ್ನುತ್ತಾರೆ. ನಮ್ಮ ಚಳಿ ಹಾಗೆ ಗಂಟುಮೂಟೆ ಕಟ್ಟುತ್ತಿರುವ ತಿಂಗಳಲ್ಲೇ ವೆರ್ಖೊಯಾನ್ಸ್ಕ್ ದಾಖಲೆ ಬರೆಯಿತು. ಅಲ್ಲಿ ಪಾದರಸದ ಥರ್ಮಾಮೀಟರು ಕೆಲಸಕ್ಕೆ ಬಾರದು, ಮೈನಸ್ 38.8ಕ್ಕೆ ಪಾದರಸವೇ ಗಟ್ಟಿಯಾಗುತ್ತದೆ. ಹಾಗಾಗಿ ಆಲ್ಕೋಹಾಲ್ ತುಂಬಿದ್ದೇ ಬೇಕು. ಸಂತೆಯಲ್ಲಿ ಮೀನನ್ನು ಸೌದೆಯ ಹಾಗೆ ನಿಲ್ಲಿಸಿ ಮಾರುತ್ತಾರೆ. ಅದನ್ನು ಹಸಿಯಾಗಿಯೇ, ಕರಗಲು ಬಿಡದೆ ತೆಳ್ಳಗೆ ಹೆರೆದು, ಉಪ್ಪು ಮೆಣಸಿನ ಪುಡಿ ಹಚ್ಚಿ ಬಾಯಿಗಿಡುತ್ತಾರೆ. ಹಾಲು ಬಿಲ್ಲೆಯ ರೂಪದಲ್ಲಿ ಸಿಗುತ್ತದೆ. ಕಾರಿನ ಎಂಜಿನ್ ಆರಿಸಿದರೆ ಮತ್ತೆ ಹೊತ್ತಿಕೊಳ್ಳುವ ಭರವಸೆಯಿಲ್ಲ. ನಲ್ಲಿಯ ಕೊಳವೆ ಹೂಳಲು ನೆಲ ಒಪ್ಪದ್ದರಿಂದ ಹಳ್ಳಿಗಳಲ್ಲಿ ಪಾಯಿಖಾನೆ ಹಿತ್ತಲಲ್ಲಿದೆ. ಈ ಒಂದು ಸಂಗತಿಯ ಮೇಲೆ ಓದುಗರು ಐದು ನಿಮಿಷ ಧ್ಯಾನಿಸಬಹುದು. ಸತ್ತವರಿಗೆ ಗುಂಡಿ ತೋಡಬೇಕಾದರೆ ಮೊದಲು ಬೆಂಕಿ ಹಾಕಿ ನೆಲ ಕರಗಿಸಬೇಕು. ಒಯ್ಮ್ಯಾಕೋನಿನ ಮಕ್ಕಳಿಗೆ ಶಾಲೆಗೆ ರಜ ಸಿಗುವುದು ಮೈನಸ್ ಐವತ್ತು ದಾಟಿದ ಮೇಲೆಯೇ. ಇಷ್ಟಾಗಿ ಅದೇ ವೆರ್ಖೊಯಾನ್ಸ್ಕ್ 2020ರ ಜೂನ್ 20ರಂದು ಪ್ಲಸ್ 38 ಡಿಗ್ರಿಯನ್ನೂ ಕಂಡಿತು. ಒಂದೇ ಊರಿನ ಲೆಕ್ಕದಲ್ಲಿ ನೂರೈದು ಡಿಗ್ರಿಗೂ ಮೀರಿದ ಅಂತರ!

ಈ ಎರಡು ಊರುಗಳ ಕಿರೀಟವನ್ನು 2020ರಲ್ಲಿ ಕಸಿದುಕೊಂಡದ್ದು ಮತ್ತೊಂದು ಸನ್ಯಾಸಿ. ಗ್ರೀನ್‌ಲ್ಯಾಂಡಿನ ಮಂಜುಗಡ್ಡೆಯ ನೆತ್ತಿಯಲ್ಲಿ, 3,105 ಮೀಟರ್ ಎತ್ತರದ ಕ್ಲಿಂಕ್ ಎಂಬಲ್ಲಿ, ಒಂದು ಸ್ವಯಂಚಾಲಿತ ಯಂತ್ರ 1991ರ ಡಿಸೆಂಬರ್ 22ರಂದು ಮೈನಸ್ 69.6 ಬರೆದುಕೊಂಡಿತ್ತು. ಹಳೆಯ ದಾಖಲೆಗಳನ್ನು ಕೆದಕಿದವರು ಸುಮಾರು ಮೂವತ್ತು ವರ್ಷದ ಮೇಲೆ ಅದನ್ನು ಕಂಡು, ಯಂತ್ರದ ಜಾತಕವನ್ನೆಲ್ಲ ಪರಿಶೀಲಿಸಿ, ಉತ್ತರಾರ್ಧಗೋಳದ ದಾಖಲೆ ಇದೇ ಎಂದು ಸಾರಿದರು. ಒಂದು ನರಪಿಳ್ಳೆಯೂ ಇಲ್ಲದ ಕಡೆ, ಯಾರ ಹಲ್ಲೂ ಕಟಕಟಿಸದೆ, ದಾಖಲೆ ಮುಗಿದೇ ಹೋಗಿತ್ತು. ನ್ಯಾಯವಾಗಿಯೇ ಸೋತರೂ ಆ ಸೈಬೀರಿಯಾದ ಊರುಗಳ ಮೇಲೆ ನನಗೆ ಮರುಕ.

ಸನ್ಯಾಸಿಯ ಆಶ್ರಮದಲ್ಲೂ ಮನುಷ್ಯರಿದ್ದಾರಲ್ಲ ಎಂದು ನೀವು ಕೇಳಬಹುದು. ಇದ್ದಾರೆ. ವೋಸ್ತೋಕಿನ ದಾಖಲೆಯ ಹಿಂದಿನ ವರ್ಷ, 1982ರ ಏಪ್ರಿಲ್‌ನಲ್ಲಿ, ಠಾಣೆಯ ವಿದ್ಯುತ್ ಯಂತ್ರಗಳಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು ಒಬ್ಬರು ತೀರಿಕೊಂಡರು. ಚಳಿಗಾಲದಲ್ಲಿ ಅಲ್ಲಿಗೆ ವಿಮಾನ ಬರುವಂತಿಲ್ಲ. ಉಳಿದ 20 ಮಂದಿ ಮೂಲೆಗೆ ಬಿದ್ದಿದ್ದ ಹಳೆಯ ಡೀಸೆಲ್ ಯಂತ್ರವನ್ನು ರಿಪೇರಿ ಮಾಡಿ, ಗ್ಯಾಸ್ ಸಿಲಿಂಡರುಗಳನ್ನೇ ಒಲೆಗಳಾಗಿ ಮಾರ್ಪಡಿಸಿ, ಮಸಿ ಮೆತ್ತಿಕೊಂಡ ಮುಖಗಳಲ್ಲಿ ಆ ದೀರ್ಘ ರಾತ್ರಿಯನ್ನು ದಾಟಿದರು. ಅವರ ಎದೆಗಾರಿಕೆಗೆ ಎರಡು ಮಾತಿಲ್ಲ. ಆದರೆ ಬೇಸಿಗೆ ಬಂದಾಗ ಅವರು ಊರಿಗೆ ಮರಳಿದರು. ಒಯ್ಮ್ಯಾಕೋನಿನವರಿಗೆ ಮರಳಲು ಬೇರೆ ಊರಿಲ್ಲ.

ಕನ್ನಡ ನಾಡಿಗೂ ಇಂಥ ಚಳಿಯ ಪರಿಚಯವಿದೆ, ಅದು ಹಗುರವಾದ ಮಾತಲ್ಲ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನ 19 ಸಾವಿರ ಅಡಿಗೂ ಮೇಲಿನ ಕಾವಲುಠಾಣೆಯ ಮೇಲೆ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಜೀವ ಹಿಡಿದಿದ್ದು, ಹೊರತೆಗೆದ ಮೇಲೆ ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಬಯಲುಸೀಮೆಯ ಬಿಸಿಲಲ್ಲಿ ಬೆಳೆದ ಒಂದು ಮೈ ಅಲ್ಲಿ ಎಷ್ಟು ಚಳಿಯನ್ನು ತಾಳಿತೆಂಬುದಕ್ಕೆ ಯಾವ ಅಂಕಪಟ್ಟಿಯಲ್ಲೂ ಕಾಲಮ್ಮು ಇಲ್ಲ.

ಆದ್ದರಿಂದ ಅರ್ಧಗೋಳಗಳ ಈ ಪಂದ್ಯದಲ್ಲಿ ನನ್ನ ತೀರ್ಪು ಇಷ್ಟೇ. ಥರ್ಮಾಮೀಟರಿನ ಅಂಕ ದಕ್ಷಿಣಕ್ಕೆ ಸಲ್ಲಲಿ. ವೋಸ್ತೋಕನ್ನು ಮೀರಿಸುವ ಊರು ಉತ್ತರದಲ್ಲಿಲ್ಲ. ಆದರೆ ಮುಂದಿನ ಸಲ ದಾಖಲೆ ಚಳಿಯ ಸುದ್ದಿ ಓದಿದಾಗ, ಎಷ್ಟು ಡಿಗ್ರಿ ಎಂದು ಕೇಳಿದ ಮೇಲೆ, ಅಲ್ಲಿ ಬೆಳಗಾಗೆದ್ದು ಹಾಲು ಕಾಯಿಸುವವರು ಯಾರಾದರೂ ಇದ್ದಾರೆಯೇ ಎಂದೂ ಕೇಳಿ. ಇದ್ದರೆ, ಇಪ್ಪತ್ತು ಡಿಗ್ರಿ ಕಡಿಮೆ ಬಿದ್ದರೂ ಮೊದಲ ಬಹುಮಾನ ಅವರಿಗೇ ಕೊಡಬೇಕು.