ಮೊಸಳೆಯ ಮುಖ ಎತ್ತ ಕಡೆಗೆ?

ಲಕೋಸ್ಟ್ ಟೀಶರ್ಟಿನ ಮೊಸಳೆ ಎತ್ತ ಮುಖ ಮಾಡಿದೆ ಎಂದು ಕೇಳಿ ನೋಡಿ. ತೊಟ್ಟವರೇ ಒಮ್ಮೆ ತಲೆ ಬಗ್ಗಿಸಿ ನೋಡಿಕೊಂಡಾರು. ನೋಡುವವರ ಬಲಕ್ಕೆ. ಸಿಂಗಪುರದ ಕ್ರೊಕೊಡೈಲ್ ಇಂಟರ್‌ನ್ಯಾಷನಲ್‌ನದು ಎಡಕ್ಕೆ. ಈ ಎರಡು ಮೊಸಳೆಗಳ ನಡುವೆ 2001ರಲ್ಲಿ ಶುರುವಾದ ದಾವೆಗೆ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ತೀರ್ಪು ಕೊಟ್ಟದ್ದು 2024ರಲ್ಲಿ. ಗೆದ್ದದ್ದು ಬಲಮುಖದ್ದು. ಅಷ್ಟರಲ್ಲಿ ಎಷ್ಟು ಟೀಶರ್ಟುಗಳು ನೆಲ ಒರೆಸುವ ಬಟ್ಟೆಯಾಗಿ ಹೋದವೋ!

ಮೂಲದಲ್ಲಿ ಮೊಸಳೆ ಎಂಬುದು ಫ್ರಾನ್ಸಿನ ಟೆನಿಸ್ ಆಟಗಾರ ರೆನೆ ಲಕೋಸ್ಟ್‌ಗೆ ಅಂಟಿದ್ದ ಅಡ್ಡಹೆಸರು. ಗೆಳೆಯನೊಬ್ಬ ಮೊಸಳೆ ಬರೆದುಕೊಟ್ಟ, ಇವನು ಅದನ್ನು ಕೋಟಿನ ಮೇಲೆ ಕಸೂತಿ ಹಾಕಿಸಿಕೊಂಡ, 1933ರಲ್ಲಿ ಕಂಪನಿಯನ್ನೇ ತೆರೆದ. ಅಂಗಿಯ ಗುರುತು ಕಾಲರಿನೊಳಗೆ ಅಡಗಿ ಕೂರುತ್ತಿದ್ದ ಕಾಲವದು. ಅದು ಎದೆಯ ಮೇಲೆ ಬಂದು ಕೂತ ಮೇಲೆ ಕಳ್ಳರ ಕೆಲಸ ಸಲೀಸಾಯಿತು.

ಡೂಪ್ಲಿಕೇಟ್ ಮಾರುವವರನ್ನು ಕೇಳಿದರೆ, "ಪಕ್ಕಪಕ್ಕ ಇಟ್ಟು ನೋಡಿ ಸಾರ್, ಸ್ಪೆಲ್ಲಿಂಗೇ ಬೇರೆ" ಎನ್ನುತ್ತಾರೆ. ಸುಳ್ಳಲ್ಲ. ಆದರೆ ಕಾನೂನು ಪಕ್ಕಪಕ್ಕ ಇಟ್ಟು ನೋಡುವುದೇ ಇಲ್ಲ. 1962ರಲ್ಲಿ ಅಮೃತಧಾರ, ಲಕ್ಷ್ಮಣಧಾರ ಎಂಬ ಎರಡು ಔಷಧಿಗಳ ಜಗಳ ಸುಪ್ರೀಂ ಕೋರ್ಟಿಗೆ ಬಂದಾಗ, ಅಷ್ಟೇನೂ ಎಚ್ಚರವಿಲ್ಲದ, ನೆನಪೂ ಅರೆಬರೆಯಾಗಿರುವ ಸಾಮಾನ್ಯ ಗಿರಾಕಿಗೆ ಏನನ್ನಿಸುತ್ತದೆ ಎಂಬುದೇ ಅಳತೆಗೋಲಾಯಿತು. ಇದು ನನಗೆ ಬಹಳ ಹಿಡಿಸಿದ ಸಂಗತಿ. ಮರೆವನ್ನು ಮನೆಯಲ್ಲಿ ಯಾರೂ ಕ್ಷಮಿಸುವುದಿಲ್ಲ. ತಂದ ಕೊತ್ತಂಬರಿ ಪುದೀನವಾಗಿದ್ದರೆ ಅಂದು ರಾಮಾಯಣವೇ. ನ್ಯಾಯಾಲಯ ಮಾತ್ರ ಮರೆಗುಳಿಯನ್ನೇ ನಡುವೆ ಕೂರಿಸಿಕೊಂಡು ಕೋಟ್ಯಂತರದ ವ್ಯಾಪಾರ ತೂಗುತ್ತದೆ.

ರಾಮಾಯಣ ಎಂದಾಗ ನೆನಪಾಯಿತು: ಊದುಬತ್ತಿಗೆ ಆ ಹೆಸರನ್ನು ಒಬ್ಬರೇ ಸ್ವಂತ ಮಾಡಿಕೊಳ್ಳುವಂತಿಲ್ಲ ಎಂದು 2015ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಬಳ್ಳಾರಿಯಲ್ಲಿ ಬೇರೆಯವರ ಲೇಬಲ್ಲಿಗೆ ಜೀನ್ಸ್ ಹೊಲಿದುಕೊಡುವ ನನ್ನ ಪರಿಚಯದವರೊಬ್ಬರಿಗೆ ಇದನ್ನು ಹೇಳಿದೆ. ಸ್ವಂತ ಬ್ರ್ಯಾಂಡಿನ ಆಸೆ ಅವರಿಗೆ. ಮನೆದೇವರ ಹೆಸರಿಡುತ್ತೇನೆಂದು ಹೊರಟಿದ್ದವರು ಸ್ವಲ್ಪ ಸಪ್ಪಗಾಗಿ, "ಹಂಗಾರ ಗಟ್ಟಿ ಜೀನ್ಸ್ ಅಂತ ಇಡ್ತೀನ್ರಿ" ಎಂದರು. ಅದೂ ಕಷ್ಟ. ಗಟ್ಟಿ ಎನ್ನುವುದು ಬಟ್ಟೆಯ ಗುಣ. ಗುಣಕ್ಕೆ ಯಾರೂ ಬೇಲಿ ಹಾಕಲಾಗದು. ಊರಿನ ಹೆಸರಿನ ಪಾಡೂ ಹೆಚ್ಚುಕಡಿಮೆ ಅದೇ. ಹಾಗೆಂದು ಅದಕ್ಕೆ ಕಾವಲೇ ಇಲ್ಲವೆಂದಲ್ಲ. ಇಳಕಲ್ ಸೀರೆಗೆ ಭೌಗೋಳಿಕ ಸೂಚಿಕೆಯ ರಕ್ಷಣೆಯಿದೆ. ಅದು ಒಬ್ಬ ಮಾಲೀಕನದಲ್ಲ, ಆ ಸೀಮೆಯದು.

ಉಳಿದದ್ದು ಟ್ರೇಡ್‌ಮಾರ್ಕ್ ನೋಂದಣಿಯ ಕಚೇರಿ ಕೆಲಸ. ಉಡುಪಿಗೆ 25ನೇ ವರ್ಗ, ಕರ್ನಾಟಕದವರಿಗೆ ಚೆನ್ನೈ ಕಚೇರಿ. ಆನ್‌ಲೈನಿನಲ್ಲಿ ವ್ಯಕ್ತಿಯೊಬ್ಬ ಅರ್ಜಿ ಹಾಕಿದರೆ ಶುಲ್ಕ 4,500 ರೂಪಾಯಿ. ಪರೀಕ್ಷೆ ದಾಟಿದ ಹೆಸರು ಟ್ರೇಡ್‌ಮಾರ್ಕ್ ಜರ್ನಲ್ಲಿನಲ್ಲಿ ಅಚ್ಚಾಗಿ, ತಕರಾರಿಗೆಂದು 4 ತಿಂಗಳು ಕಾಯುತ್ತದೆ, ಥೇಟ್ ಮದುವೆಯ ನೋಟಿಸಿನ ಹಾಗೆ. ಯಾರೂ ಅಡ್ಡ ಬರದಿದ್ದರೆ 10 ವರ್ಷಕ್ಕೆ ನಿಮ್ಮದು, ಆಮೇಲೆ ನವೀಕರಣ. ನೋಂದಣಿಗೆ ಮೊದಲೇ ವೃತ್ತದೊಳಗಿನ ಆರ್ ಗುರುತು ಹಾಕಿಕೊಂಡು ಮೆರೆಯುವಂತಿಲ್ಲ.

ನಿಘಂಟಿನಲ್ಲಿ ಎಲ್ಲೂ ಸಿಗದ ಹೆಸರಾದರೆ ಕಾವಲು ಸುಲಭ ಎಂದು ವಕೀಲರು ಹೇಳಿದ್ದೇ ತಡ, ನಮ್ಮ ಬಳ್ಳಾರಿಯವರು ಮೂರೂ ಮಕ್ಕಳ ಹೆಸರಿನ ತುಂಡುಗಳನ್ನು ಸೇರಿಸಿ ಒಂದು ಹೆಸರು ಹೊಲಿದರು. ವಕೀಲರಿಗೆ ಅದು ಬಹಳ ಹಿಡಿಸಿದೆ. ಬಳ್ಳಾರಿಯವರ ಮನೆಯವರು ಮಾತ್ರ ಕೇಳಿದಾಗಲೆಲ್ಲ ಬೇರೆ ಬೇರೆ ಹೇಳುತ್ತಾರೆ.