ದೇವನಕೊಂಡದಿಂದ ಕಡಲಿಗೆ

ನಮ್ಮ ಓದುಗರಲ್ಲಿ ಹೆಚ್ಚಿನವರು ಸಮುದ್ರ ಕಂಡವರೇ. ಮಂಗಳೂರು, ಕಾರವಾರದ ಕಡೆಯವರಿಗಂತೂ ಅದು ಮನೆಯ ಹಿತ್ತಲಿದ್ದಂತೆ. ಆದರೆ ಐವತ್ತು ದಾಟಿದ ಮೇಲೆ ಮೊಟ್ಟಮೊದಲ ಬಾರಿಗೆ ಸಮುದ್ರ ನೋಡಿದ ಗಂಡ ಹೆಂಡತಿಯರ ಜೊತೆ ಹೋದ ವರ್ಷ ಮೇ ತಿಂಗಳಲ್ಲಿ ಒಂದು ಹಗಲು ಕಳೆಯುವ ಅವಕಾಶ ನಮಗೆ ಒದಗಿತು. ಅದನ್ನು ಇಲ್ಲಿ ಬರೆಯಬೇಕೆನಿಸಿದೆ.

ಅವರು ಆಂಧ್ರದ ಕರ್ನೂಲು ಜಿಲ್ಲೆಯ ದೇವನಕೊಂಡದ ಬಳಿಯ ಹಳ್ಳಿಯೊಂದರವರು. ಬಳ್ಳಾರಿಯಿಂದ ಆಲೂರು, ಆಸ್ಪರಿ ದಾಟಿದರೆ ದೇವನಕೊಂಡ. ಆದೋನಿ, ಆಲೂರು ತಾಲ್ಲೂಕುಗಳು 1953ರವರೆಗೆ ಬಳ್ಳಾರಿ ಜಿಲ್ಲೆಗೇ ಸೇರಿದ್ದವು. ನಡುವೆ ರಾಜ್ಯದ ಗೆರೆ ಬಿದ್ದರೂ ಹೆಣ್ಣು ಕೊಡುವ, ತರುವ ಸಂಬಂಧ ಕಡಿಯಲಿಲ್ಲ. ಈ ಮನೆಯಾಕೆಯ ತವರು ಆಲೂರಿನ ಕಡೆ. ಒಳಗೆ ಕನ್ನಡ, ಬೀದಿಗಿಳಿದರೆ ತೆಲುಗು.

ಆ ಸೀಮೆಯಲ್ಲಿ ‘ಸುಗ್ಗಿಗೆ ಹೋಗುವುದು’ ಎಂಬ ಮಾತಿಗೆ ಬೇರೆಯೇ ಅರ್ಥವಿದೆ. ನಮಗೆ ಸುಗ್ಗಿ ಎಂದರೆ ಕಣ, ರಾಶಿ, ಹಾಡು. ಅಲ್ಲಿ ಸುಗ್ಗಿ ಎಂದರೆ ಮನೆಗೆ ಬೀಗ ಜಡಿದು, ಅಕ್ಕಿ, ಪಾತ್ರೆ, ಹಾಸಿಗೆಗಳನ್ನು ಚೀಲಕ್ಕೆ ತುಂಬಿಕೊಂಡು ಗುಂಟೂರಿನ ಕಡೆಗೆ ಮೆಣಸಿನಕಾಯಿ ಬಿಡಿಸಲು ಗುಳೆ ಹೋಗುವುದು. ಮಳೆಯನ್ನೇ ನಂಬಿದ ನೆಲ. ಕಡಲೆಕಾಯಿ, ಹತ್ತಿ ಮುಗಿದ ಮೇಲೆ ಹೊಲದಲ್ಲಿ ಕೆಲಸವಿಲ್ಲ. ಸಂಕ್ರಾಂತಿಯ ಹೊತ್ತಿಗೆ ಹೊರಟವರು ಯುಗಾದಿಯ ಆಚೀಚೆ ಹಿಂದಿರುಗುತ್ತಾರೆ. ತುಗ್ಗಲಿಯಲ್ಲೋ ಗುಂತಕಲ್ಲಿನಲ್ಲೋ ರೈಲು ಹತ್ತಿ, ಡೋನ್, ನಂದ್ಯಾಲ ದಾಟಿ ಹೋಗುವ ದಾರಿ. ಈ ದಂಪತಿ ಇಪ್ಪತ್ತಕ್ಕೂ ಹೆಚ್ಚು ಸಲ ಹಾಗೆ ಹೋಗಿ ಬಂದವರು. ಮಗನನ್ನೂ ಕರೆದೊಯ್ದಿದ್ದರಿಂದ ಅವನ ಓದು ಏಳನೆಯ ತರಗತಿಗೇ ನಿಂತಿತು. ಆ ಮಾತು ಬಂದರೆ ಇಬ್ಬರೂ ತಲೆ ತಗ್ಗಿಸುತ್ತಾರೆ.

ಇಲ್ಲಿ ನಮ್ಮದೊಂದು ತಪ್ಪನ್ನೂ ಹೇಳಿಬಿಡಬೇಕು. ಕೆಲವು ವರ್ಷಗಳ ಹಿಂದೆ ಆ ಕಡೆ ಸೇವೆಯಲ್ಲಿದ್ದಾಗ ತಪಸ್ಸುಕಾಲ ಬಂತೆಂದರೆ ದೇವಾಲಯ ಖಾಲಿಯಾಗುತ್ತಿತ್ತು. ಪವಿತ್ರ ವಾರದಲ್ಲೂ ಮುದುಕರು, ಮಕ್ಕಳಷ್ಟೇ. ಒಮ್ಮೆ ಪ್ರಬೋಧನೆಯಲ್ಲಿ, ‘ದೇವರಿಗಿಂತ ಮೆಣಸಿನಕಾಯಿ ದೊಡ್ಡದಾಯಿತೇ?’ ಎಂದು ಗದರಿದ್ದೆವು. ಗದರಿದ್ದು ಖಾಲಿ ಬೆಂಚುಗಳಿಗೆ, ಕೇಳಬೇಕಾದವರು ಗುಂಟೂರಿನಲ್ಲಿದ್ದರು. ಆದರೂ ಮಾತು ಅವರಿಗೆ ಮುಟ್ಟಿತು. ಊರಿಗೆ ಬಂದ ಮೇಲೆ ಈ ಹೆಂಗಸು ಒಂದು ಮಾತೂ ಆಡದೆ ತನ್ನ ಎರಡು ಅಂಗೈಗಳನ್ನು ನಮ್ಮ ಮುಂದೆ ಚಾಚಿದರು. ಬೆರಳ ತುದಿಗಳೆಲ್ಲ ಸುಲಿದು ಕೆಂಪಾಗಿದ್ದವು.

ಅಂದಿನಿಂದ ಆ ಮನೆಗೂ ನಮಗೂ ಒಡನಾಟ. ಹೋದ ವರ್ಷ ಆಕೆ ಒಂದು ಆಸೆ ಹೇಳಿಕೊಂಡರು: “ಇಷ್ಟು ವರ್ಷ ರೈಲು ಹತ್ತಿದ್ದು ಕೂಲಿಗೇ. ಒಂದ್ಸಲ ಸುಮ್ನೆ ಹತ್ತಬೇಕು ಸ್ವಾಮಿ. ಸಮುದ್ರ ನೋಡ್ಬೇಕು.” ಗಂಡನಿಗೆ ಸುತರಾಂ ಇಷ್ಟವಿರಲಿಲ್ಲ. “ಬೋರು ಹಾಕಿಸಿದ್ರ ಬರೀ ಧೂಳು ಬಂತು. ಈಗ ನೀರು ನೋಡಾಕ ದುಡ್ಡು ಕೊಟ್ಟು ಹೋಗಬೇಕೇನ್ರಿ?” ಎಂದರು. ಗುರುಮಠದ ದಿನಗಳಲ್ಲಿ ಗೆಳೆಯರಿಂದ ಕಲಿತ ಹರಕು ಮುರುಕು ತಮಿಳು ನಮಗೆ ಬರುತ್ತದೆ ಎಂಬ ಕಾರಣಕ್ಕೆ ನಾವೂ ಜೊತೆಯಾದೆವು.

ಆದೋನಿಯ ಮೇಲೆ ಹಾದುಹೋಗುವುದು ಮುಂಬಯಿ–ಚೆನ್ನೈ ಹಳಿ. ದಕ್ಷಿಣ ಭಾರತದ ಮೊದಲ ರೈಲು 1856ರಲ್ಲಿ ಹೊರಟದ್ದು ಮದರಾಸಿನ ಕಡಲ ಮಗ್ಗುಲಿನ ರಾಯಪುರಂ ನಿಲ್ದಾಣದಿಂದ. ಮದರಾಸಿನಿಂದ ಬೆಳೆಯುತ್ತ ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಮುಂಬಯಿಯ ಹಳಿಯನ್ನು ಕೂಡಿಕೊಂಡಿತು. ಹಾಗೆ ನೋಡಿದರೆ ಕಡಲು ಆದೋನಿಯ ತನಕ ಕೈ ಚಾಚಿ ನೂರೈವತ್ತು ವರ್ಷ ದಾಟಿದೆ. ಈ ಸೀಮೆಯ ಹತ್ತಿಯ ಅಂಡಿಗೆಗಳು ಅದೇ ಹಳಿಯ ಮೇಲೆ ಊರೂರು ಸುತ್ತಿವೆ. ಹತ್ತಿ ಬಿಡಿಸಿದವರು ಮಾತ್ರ ಹೋಗಿರಲಿಲ್ಲ.

ನಡುರಾತ್ರಿ ಕಳೆದ ಮೇಲೆ ಗಾಡಿ ಬಂತು. 500 ಕಿಲೋಮೀಟರಿಗೆ ತುಸು ಕಡಿಮೆ ದೂರ. ಮಲಗುವ ಬೋಗಿಯಲ್ಲಿ ಕಾಯ್ದಿರಿಸಿದ ಸೀಟು ಅವರಿಗೆ ಹೊಸದು. ಗಂಡ ಮಲಗಲೇ ಇಲ್ಲ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದರು. ಹಿಂದೊಮ್ಮೆ ಸುಗ್ಗಿಯಿಂದ ಬರುವಾಗ ಪ್ಲಾಟ್‌ಫಾರಂ ಮೇಲೆ ಅವರ ಚೀಲ ಕಳುವಾಗಿತ್ತಂತೆ. ಅದರಲ್ಲಿ ಮೂರು ತಿಂಗಳ ಕೂಲಿ ಇತ್ತು. ಈ ಚೀಲದಲ್ಲಿ ಇದ್ದದ್ದು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಟವೆಲು. ಕಡಪ ದಾಟಿ ಬೆಳಕು ಹರಿಯಿತು. ರೇಣಿಗುಂಟ, ಅರಕ್ಕೋಣಂ ಕಳೆದು ಚೆನ್ನೈ ಸೆಂಟ್ರಲ್. ರಸ್ತೆ ದಾಟಿದರೆ ಪಾರ್ಕ್ ಟೌನ್ ನಿಲ್ದಾಣ. ಅಲ್ಲಿಂದ ಪೇಟೆಯ ಮೇಲೆಯೇ ಓಡುವ ರೈಲಿನಲ್ಲಿ ಚೇಪಾಕಕ್ಕೆ ಇಳಿದೆವು. ಮನೆಗಳ ಮಾಳಿಗೆಯ ಸಮಕ್ಕೆ ರೈಲು ಓಡುವುದನ್ನು ಕಂಡು ಆಕೆಗೆ ನಗು.

ಮರೀನಾ ತೀರದ ರಸ್ತೆಬದಿಯಲ್ಲಿ ದೊಡ್ಡದೊಂದು ಕಂಚಿನ ಪ್ರತಿಮೆಯಿದೆ. ನಾಲ್ವರು ಗಂಡಸರು ಮೈಯೆಲ್ಲ ಬಿಗಿದು ಬಂಡೆಯೊಂದನ್ನು ಸರಿಸುತ್ತಿದ್ದಾರೆ. ದೇವಿಪ್ರಸಾದ್ ರಾಯ್ ಚೌಧುರಿ ಅವರ ಕೃತಿ, 1959ರಲ್ಲಿ ನಿಲ್ಲಿಸಿದ್ದು. ಹೆಸರು ‘ಶ್ರಮದ ವಿಜಯ’. ಅದನ್ನು ಅವರಿಗೆ ವಿವರಿಸಿದೆವು. ಗಂಡ ಆ ಕಾಲುಗಳ ನರಗಳನ್ನು ಬಹಳ ಹೊತ್ತು ನೋಡಿದರು. ಹೆಂಡತಿ ಸುತ್ತಲೂ ಒಂದು ಪ್ರದಕ್ಷಿಣೆ ಬಂದು, “ಇದ್ರಾಗ ಹೆಣ್ಮಗಳು ಒಬ್ಬಾಕಿನೂ ಇಲ್ಲಲ್ರಿ?” ಎಂದರು. ನಮ್ಮ ಬಳಿ ಉತ್ತರವಿರಲಿಲ್ಲ.

ಅಲ್ಲಿಂದ ನೀರಿಗೆ ಮರಳಿನಲ್ಲಿ ಬಹುದೂರ ನಡೆಯಬೇಕು. ಈ ಮರಳು ಮೊದಲು ಇಷ್ಟು ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮದರಾಸು ಬಂದರಿನ ಗೋಡೆ ಎದ್ದ ಮೇಲೆ, ದಕ್ಷಿಣದಿಂದ ಉತ್ತರಕ್ಕೆ ಅಲೆಗಳ ಜೊತೆ ಸಾಗುತ್ತಿದ್ದ ಮರಳು ತಡೆದು ಇಲ್ಲಿ ಬೀಳತೊಡಗಿತು. ತೀರ ಅಗಲವಾಯಿತು. ಬಂದರಿನ ಉತ್ತರಕ್ಕಿರುವ ಬೆಸ್ತರ ಕೇರಿಗಳ ಕಡೆ ಮಾತ್ರ ಕಡಲು ನೆಲವನ್ನು ತಿನ್ನುತ್ತ ಬಂತು. 1880ರ ದಶಕದಲ್ಲಿ ಗವರ್ನರ್ ಗ್ರಾಂಟ್ ಡಫ್ ಇಲ್ಲಿ ಓಡಾಡಲು ದಾರಿ ಮಾಡಿಸಿ ಮರೀನಾ ಎಂದು ಹೆಸರಿಟ್ಟ.

ಬಿಸಿಲು ಸುಡುತ್ತಿತ್ತು. ನೀರು ಕಂಡದ್ದೇ ಆಕೆ ಚಪ್ಪಲಿ ಬಿಟ್ಟು ನಡೆದರು. ಗಂಡ ಬರಲಿಲ್ಲ. ಮುಚ್ಚಿದ ಅಂಗಡಿಯೊಂದರ ನೆರಳಿನಲ್ಲಿ, ಸಮುದ್ರಕ್ಕೆ ಬೆನ್ನು ಹಾಕಿ, ಚೀಲ ಅಪ್ಪಿಕೊಂಡು ಕೂತರು. “ಇಲ್ಲಿಂದಲೇ ಸಪ್ಪಳ ಕೇಳ್ತದ, ಸಾಕು.” ಮೊದಲು ಹಟವೆಂದುಕೊಂಡೆವು. ಅದು ಭಯ. ಅಷ್ಟು ನೀರನ್ನು ಒಟ್ಟಿಗೆ ಕಂಡವರಲ್ಲ. 2004ರ ಡಿಸೆಂಬರ್ 26ರ ಭಾನುವಾರ ಸುನಾಮಿ ಇದೇ ಮರಳಿನ ಮೇಲೆ ನುಗ್ಗಿದ್ದನ್ನು ಯಾರದೋ ಮನೆಯ ಟಿ.ವಿ.ಯಲ್ಲಿ ನೋಡಿದ್ದರಂತೆ.

ಆಕೆ ಹಿಂದಿರುಗಿ ಬಂದರು. ಸೀರೆಯ ಅಂಚು ಒದ್ದೆ. ಹಿಮ್ಮಡಿಯ ಬಿರುಕುಗಳಿಗೆ ಉಪ್ಪುನೀರು ತಾಕಿ ಉರಿಯುತ್ತದೆಂದು ಹೇಳುತ್ತಲೇ ನಗುತ್ತಿದ್ದರು. ಗಂಡನ ಕೈಯಿಂದ ಚೀಲ ಕಿತ್ತು ನಮ್ಮ ಮಡಿಲಿಗೆ ಹಾಕಿ, “ಸ್ವಾಮಿ, ನೀವು ಸ್ವಲ್ಪ ಕಾಯ್ರಿ. ಏಳ್ರಿ ನೀವು” ಎಂದರು. ಅವರು ಎದ್ದರು. ನಾವು ಚೀಲ ಹಿಡಿದು ಕೂತೆವು.

ಇಬ್ಬರೂ ಮೊಣಕಾಲುದ್ದದ ನೀರಿನಲ್ಲಿ ನಿಂತದ್ದು ದೂರದಿಂದ ಕಾಣುತ್ತಿತ್ತು. ಅಲ್ಲಿ ಸೆಳೆತ ಜೋರು, ಮುಂದೆ ಹೋಗಬಾರದೆಂದು ಮೊದಲೇ ಹೇಳಿದ್ದೆವು. ಒಂದು ಅಲೆ ಬಂದಾಗ ಅವರು ಹೆಂಡತಿಯ ತೋಳು ಹಿಡಿದರು. ಇನ್ನೊಂದು ಬಂದಾಗಲೂ ಬಿಡಲಿಲ್ಲ. ಎಷ್ಟು ಹೊತ್ತಾಯಿತೋ, ನಾವು ಗಡಿಯಾರ ನೋಡಲಿಲ್ಲ. ಚೀಲವನ್ನಂತೂ ಚೆನ್ನಾಗಿ ಕಾದೆವು.

ಮಧ್ಯಾಹ್ನ ಆಟೋದಲ್ಲಿ ಸಾಂಥೋಮಿಗೆ ಹೋಗಿ ಸಂತ ತೋಮಾಸರ ಸಮಾಧಿಯ ಮುಂದೆ ಕೂತೆವು. ಈಗಿರುವ ಬಿಳಿಯ ದೇವಾಲಯ 1896ರದ್ದು. ಅವರು ಹೇಗೆ ಬಂದರೆಂದು ಗಂಡ ಕೇಳಿದರು. ವ್ಯಾಪಾರಿಯೊಬ್ಬ ಬಡಗಿ ಕೆಲಸಕ್ಕೆಂದು ಕರೆತಂದನೆಂದು ಹಳೆಯ ಕಥನವೊಂದು ಹೇಳುತ್ತದೆ ಎಂದೆವು. “ಅಂದ್ರ ಕೂಲಿಗೇ ಬಂದಾರ” ಎಂದು ತಲೆದೂಗಿದರು.

ಸಂಜೆ ಮತ್ತೆ ತೀರಕ್ಕೆ ಬಂದೆವು. ಸುಂಡಲ್ ಮಾರುವ ಹುಡುಗರು, ಗಾಳಿಪಟ, ಬಜ್ಜಿಯ ಅಂಗಡಿಗಳ ಸಾಲು. ಆಕೆ ಬಜ್ಜಿಗಿಟ್ಟಿದ್ದ ಹಸಿರು ಮೆಣಸಿನಕಾಯೊಂದನ್ನು ಎತ್ತಿ, ತೊಟ್ಟು ಮುರಿದು, ಮೂಸಿ ನೋಡಿ, “ಇದ್ರಾಗ ಖಾರಾನೇ ಇಲ್ಲ” ಎಂದು ತೀರ್ಪಿತ್ತರು. ಅಂಗಡಿಯವನಿಗೆ ಅದನ್ನು ತಮಿಳಿನಲ್ಲಿ ಹೇಳುವ ಧೈರ್ಯ ನಮಗಾಗಲಿಲ್ಲ. ಮೂವರೂ ಎರಡೆರಡು ಬಜ್ಜಿ ತಿಂದೆವು. ರಾತ್ರಿಯ ಗಾಡಿಯಲ್ಲಿ ಗಂಡ ಚೀಲವನ್ನು ತಲೆಗಿಟ್ಟುಕೊಂಡು ಗುಂತಕಲ್ಲು ಬರುವವರೆಗೂ ನಿದ್ದೆ ಮಾಡಿದರು.

ಈ ವರ್ಷ ಫೆಬ್ರವರಿಯಲ್ಲಿ ಗುಂಟೂರಿನ ಕಡೆಯಿಂದ ಅವರ ಫೋನು ಬಂತು. ಪಾಸ್ಕ ಹಬ್ಬಕ್ಕೆ ಬರಲಾಗುವುದಿಲ್ಲ, ಕಾಯಿ ಇನ್ನೂ ಬಹಳ ಇದೆ ಎಂದರು. ಆಗಲಿ ಎಂದೆವು. ಕೈ ಹೇಗಿದೆ ಎಂದು ಕೇಳಿದೆವು. “ಕೈ ಇದ್ದಂಗೈತ್ರಿ. ಈಕಿ ದಿನಾ ರಾತ್ರಿ ಶೆಡ್ಡಿನಾಗ ಎಲ್ಲಾರನ್ನೂ ಕುಂಡ್ರಿಸಿಕೊಂಡು ಸಮುದ್ರದ ಕಥಿ ಹೇಳ್ತಾಳ. ಯಾರೂ ನಿದ್ದಿ ಮಾಡಂಗಿಲ್ಲ” ಎಂದರು.