ಕಚ್ಚುವ ಚಟ್ನಿ

ನೆಂಟರು ಸೇರಿದ ಕಡೆ ಮೊದಲು ಕಾಯಿಲೆಯ ಮಾತು, ಆಮೇಲೆ ಸೈಟಿನ ಮಾತು. ಎರಡೂ ಮುಗಿದು, ಎಲೆ ಹಾಕಲು ಇನ್ನೂ ಹೊತ್ತಿದೆ ಎಂದಾಗ ಯಾರಾದರೂ ಒಬ್ಬರು ಎಲ್ಲೋ ತಿಂದು ಬಂದ ವಿಚಿತ್ರ ತಿನಿಸಿನ ಕಥೆ ತೆಗೆಯುತ್ತಾರೆ. ಈಚೆಗೆ ನಮ್ಮ ಕಡೆಯ ಮದುವೆಗಳಲ್ಲಿ ಇಂಥ ಕಥೆಗಳಿಗೆ ಬರವಿಲ್ಲ, ಮನೆಗೊಬ್ಬರು ವಿದೇಶದಲ್ಲಿದ್ದಾರೆ. ಸ್ವೀಡನ್ನಿನಲ್ಲಿರುವ ಅಣ್ಣನ ಮಗ ಅಲ್ಲಿಯ ಹುಳಿಸಿದ ಹೆರಿಂಗ್ ಮೀನಿನ ವಿಷಯ ಹೇಳುತ್ತಾನೆ. ಡಬ್ಬಿಯೊಳಗೇ ಹುದುಗು ಏರಿ ತಗಡು ಊದಿಕೊಳ್ಳುತ್ತದೆ. ತೆರೆಯುವುದಿದ್ದರೆ ಅಂಗಳದಲ್ಲೇ ತೆರೆಯಬೇಕು. ಗಾಳಿಯಲ್ಲಿ ಸಿಡಿದುಗಿಡಿದೀತು ಎಂಬ ಹೆದರಿಕೆಯಿಂದ 2006ರಲ್ಲಿ ಏರ್ ಫ್ರಾನ್ಸ್, ಬ್ರಿಟಿಷ್ ಏರ್‌ವೇಸ್ ಎರಡೂ ಅದನ್ನು ವಿಮಾನದೊಳಕ್ಕೆ ತರಬೇಡಿ ಎಂದುಬಿಟ್ಟವು. ಸಿಂಗಪುರದಿಂದ ಬಂದ ಸೊಸೆ ಡುರಿಯನ್ ಹಣ್ಣಿನ ವಾಸನೆಯನ್ನು ಮೂಗು ಹಿಡಿದುಕೊಂಡೇ ಬಣ್ಣಿಸುತ್ತಾಳೆ. ಮೆಟ್ರೋ ರೈಲಿನಲ್ಲಿ ಅದನ್ನು ಒಯ್ಯಬಾರದೆಂದು ಅಲ್ಲಿ ಬೋರ್ಡೇ ಇದೆ.

ಪಾಸ್‌ಪೋರ್ಟ್ ಇಲ್ಲದ ನಾನು ಇವರೆಲ್ಲ ಮುಗಿಸುವ ತನಕ ಸುಮ್ಮನೆ ಕೂತಿರುತ್ತೇನೆ. ಕೊನೆಗೆ, "ನಾನು ಇರುವೆ ತಿಂದಿದ್ದೀನಿ" ಎನ್ನುತ್ತೇನೆ.

"ಸಕ್ಕರೆ ಡಬ್ಬಿದಾ?"

"ಅಲ್ಲ. ರುಬ್ಬಿದ್ದು. ಬೆಳ್ಳುಳ್ಳಿ ಹಾಕಿ."

ಸ್ವೀಡನ್, ಸಿಂಗಪುರ ಎರಡೂ ಕೊಪ್ಪ ತಾಲ್ಲೂಕಿನ ಎದುರು ಸೋತುಹೋಗುತ್ತವೆ.

ನಾನು ತಿಪಟೂರು ಕಡೆಯವನು. ತೆಂಗು, ರಾಗಿ, ಬಿಸಿಲು ಇಷ್ಟೇ ಕಂಡು ಬೆಳೆದವನಿಗೆ ಮೊದಲ ನೌಕರಿ ಸಿಕ್ಕಿದ್ದು ಕೊಪ್ಪದ ಆಚೆಯ ಹೈಸ್ಕೂಲಿನಲ್ಲಿ, ವಿಜ್ಞಾನದ ಮೇಷ್ಟ್ರಾಗಿ. ಮಲೆನಾಡಿನಲ್ಲಿ ಹೆದರಬೇಕಾದದ್ದು ಹಾವು ಮತ್ತು ಉಂಬಳ ಎಂದು ಊರಿನಲ್ಲಿ ಹೇಳಿ ಕಳಿಸಿದ್ದರು. ಚಗಳಿಯ ವಿಷಯ ಯಾರೂ ಹೇಳಿರಲಿಲ್ಲ. ಶಾಲೆಯ ಪಕ್ಕದ ಮಾವಿನ ಮರದ ಕೆಳಗೆ ನಿಂತಿದ್ದಾಗ ಕಾಲರಿನೊಳಗೆ ಒಂದು ಇಳಿಯಿತು, ಅದರ ಹಿಂದೆ ಅದರ ಬಂಧುಬಳಗ. ಅವತ್ತು ಮಕ್ಕಳೆದುರು ನಾನು ಕುಣಿದ ಕುಣಿತವನ್ನು ಸ್ಕೂಲ್ ಡೇಗೂ ಯಾರೂ ಕುಣಿದಿರಲಿಕ್ಕಿಲ್ಲ.

ಮೈಬಣ್ಣ ಕೆಂಪು ಕೆಂಪು, ಕಾಲು ಉದ್ದ, ಸಿಟ್ಟು ವಿಪರೀತ. ಚಗಳಿ ನೆಲದಲ್ಲಿ ಗೂಡು ಮಾಡುವುದಿಲ್ಲ. ಮರದ ಹಸಿರೆಲೆಗಳನ್ನೇ ಒಂದಕ್ಕೊಂದು ಸೇರಿಸಿ ಚೆಂಡು ಮಾಡುತ್ತದೆ. ಸಾಲುಸಾಲು ಇರುವೆಗಳು ಒಂದರ ಸೊಂಟ ಒಂದು ಹಿಡಿದು ಸರಪಳಿಯಾಗಿ ಎರಡು ಎಲೆಯಂಚುಗಳನ್ನು ಎಳೆದು ಹಿಡಿಯುತ್ತವೆ. ಆಗ ಇನ್ನು ಕೆಲವು ಒಳಗಿನಿಂದ ತಮ್ಮ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿ ತರುತ್ತವೆ. ಆ ಮರಿಯ ಬಾಯಿಂದ ರೇಷ್ಮೆ ಎಳೆ ಬರುತ್ತದೆ. ಅದನ್ನು ಈ ಅಂಚಿಗೊಮ್ಮೆ ಆ ಅಂಚಿಗೊಮ್ಮೆ ಮುಟ್ಟಿಸುತ್ತಾ ಹೋದರೆ ಎಲೆ ಹೊಲಿದಾಯಿತು. ಮರಿ ತನಗಾಗಿ ಗೂಡು ನೇಯಬೇಕಾದ ರೇಷ್ಮೆಯೆಲ್ಲ ಊರಿಗೆ ಖರ್ಚಾಗಿ, ಅದಕ್ಕೆ ಸ್ವಂತದ್ದೇನೂ ಉಳಿಯುವುದಿಲ್ಲ. ಬಾಲಕಾರ್ಮಿಕ ಪದ್ಧತಿ ಎಂದು ನಾನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನವರೂ ನಕ್ಕಿದ್ದರು. ಒಂದೇ ರಾಣಿಯ ಸಂಸಾರ ಹತ್ತಾರು ಮರಗಳಿಗೆ ಹಬ್ಬಿ, ಲಕ್ಷಗಟ್ಟಲೆ ತಲೆಗಳಾಗುತ್ತವೆ.

ನಾನು ಬಾಡಿಗೆಗಿದ್ದ ಮನೆಯ ಗೌಡರ ತಾಯಿಗೆ ನನ್ನ ಮೇಲೆ ಕರುಣೆ. ಒಂಟಿ ಗಂಡಸು, ಬಯಲುಸೀಮೆಯವನು, ಮಳೆ ಹಿಡಿದರೆ ಮೂಗು ಸೋರಿಸುವವನು. ಆ ವರ್ಷ ಮಳೆ ಬಿಟ್ಟರೂ ನನ್ನ ಶೀತ ಬಿಡಲಿಲ್ಲ.

"ಎಂತ ಮೇಷ್ಟ್ರೆ, ಇನ್ನೂ ಗುಳಿಗೆ ನುಂಗ್ತಾ ಇದ್ದೀರಾ? ನಾಳೆ ಬೆಳಿಗ್ಗೆ ರೊಟ್ಟಿ ನಮ್ಮನೇಲೇ ತಿನ್ನಿ. ಚಗಳಿ ಚಟ್ನಿ ಮಾಡಿಸ್ತೀನಿ."

ನಾನು ಶುದ್ಧ ಸಸ್ಯಾಹಾರಿಯಾಗಿದ್ದರೆ ಒಂದು ನೆಪ ಸಿಗುತ್ತಿತ್ತು. ಆದರೆ ತಲೆಮಾಂಸ, ಕಾಲು ಸೂಪು, ಬೋಟಿ ಗೊಜ್ಜು ಎಲ್ಲವನ್ನೂ ಹಬ್ಬಹಬ್ಬಕ್ಕೆ ಚಪ್ಪರಿಸಿದವನು ನಾನು. ಕುರಿಯ ಕರುಳಿಗೆ ಏಳದ ಪ್ರಶ್ನೆ ಇರುವೆಗೆ ಎದ್ದಿತು. ರಾತ್ರಿಯೆಲ್ಲ ಜೀವಹಿಂಸೆಯ ಬಗ್ಗೆ ಬಹಳ ಆಳವಾಗಿ ಯೋಚಿಸಿದೆ.

ಬೆಳಗಿನ ಜಾವದ ಚಳಿಯಲ್ಲಿ ಚಗಳಿಗೆ ಚುರುಕು ಕಡಿಮೆ. ಗೌಡರ ಆಳು ದೋಟಿಗೆ ಕತ್ತಿ ಕಟ್ಟಿ ಗೂಡಿದ್ದ ಟೊಂಗೆಯನ್ನೇ ಕೊಯ್ದು ತಂದ. ಒಲೆಯ ಮೇಲೆ ಬಾಣಲೆ ಕಾದಿತ್ತು. ಗೂಡನ್ನು ಅದರೊಳಕ್ಕೆ ಕೊಡವಿ, ತಟಕ್ಕನೆ ಮುಚ್ಚಳ. ಒಳಗೆ ಒಂದು ಕ್ಷಣ ಮಳೆ ಬಿದ್ದಂಥ ಸದ್ದು. ಮುಚ್ಚಳ ತೆಗೆದಾಗ ಎದ್ದ ಹುಳಿ ಹಬೆಗೆ ಕಟ್ಟಿದ್ದ ನನ್ನ ಮೂಗು ಒಂದೇ ಏಟಿಗೆ ತೆರೆದುಕೊಂಡಿತು. ಔಷಧಿ ಅಲ್ಲಿಗೇ ಮುಗಿಯಿತು, ಇನ್ನು ತಿನ್ನಬೇಕಾಗಿಲ್ಲ ಎಂದು ಹೇಳಿ ನೋಡಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹುರಿದದ್ದನ್ನು ಗೆರಸಿಯಲ್ಲಿ ಕೇರಿ, ಎಲೆಚೂರು ಹಾರಿಸಿ, ಬಿಳಿಯ ಮೊಟ್ಟೆ-ಮರಿ ಸಮೇತ ಒರಳಿಗೆ ಹಾಕಿದರು. ಕಾಯಿತುರಿ, ಬೆಳ್ಳುಳ್ಳಿ, ಸೂಜಿಮೆಣಸು, ಉಪ್ಪು. ಹುಣಸೆಹಣ್ಣು ಬೇಡವೇ ಎಂದು ಕೇಳಿದೆ. ಅಮ್ಮ ನನ್ನ ಮುಖ ನೋಡಿದರು. "ಹುಳಿಗೆ ಅಂತಲೇ ಅಲ್ವಾ ಇದು, ಮಾರಾಯ್ರೆ?"

ರುಚಿ ಹೇಗಿತ್ತು ಎಂದರೆ, ಮೊದಲು ಹುಳಿ. ನಿಂಬೆಯದಲ್ಲ, ಹುಣಸೆಯದಲ್ಲ, ಇನ್ನೂ ತೆಳ್ಳಗಿನ, ನಾಲಿಗೆಯ ಅಂಚಿಗೆ ಸೂಜಿ ತಾಕಿಸುವ ಹುಳಿ. ಅದರ ಬೆನ್ನಿಗೇ ಮೆಣಸಿನ ಖಾರ. ಮೊಟ್ಟೆಗಳಿಂದ ಬಂದ ಒಂದು ಜಿಡ್ಡು ಎರಡನ್ನೂ ಸಮಾಧಾನ ಮಾಡುತ್ತದೆ. ಅಕ್ಕಿ ರೊಟ್ಟಿಗೆ ಅದಕ್ಕಿಂತ ಒಳ್ಳೆಯ ಜೊತೆ ನಾನು ಕಂಡಿಲ್ಲ. ಕಣ್ಣು ಕಟ್ಟಿ ತಿನ್ನಿಸಿದ್ದರೆ ಅಮಟೆಕಾಯಿ ಚಟ್ನಿ ಎಂದುಕೊಂಡು ಇನ್ನೊಂದು ರೊಟ್ಟಿ ಕೇಳುತ್ತಿದ್ದೆ. ಆದರೆ ಕಣ್ಣು ತೆರೆದಿತ್ತು. ಒರಳಿಗೆ ಸಿಗದೆ ತಪ್ಪಿಸಿಕೊಂಡ ಒಂದು ಕಾಲು ಹಲ್ಲಿನ ಸಂದಿಗೆ ಸೇರಿತು. ಇಡೀ ದಿನ, ಪಾಠ ಮಾಡುವಾಗಲೂ, ನಾಲಿಗೆ ಅದನ್ನೇ ಹುಡುಕುತ್ತಿತ್ತು. ನನ್ನ ಮಟ್ಟಿಗೆ ಆ ಚಟ್ನಿಯಲ್ಲಿ ಅಸಹ್ಯವಾದದ್ದು ಆ ಒಂದು ಕಾಲು ಮಾತ್ರ, ಉಳಿದದ್ದೆಲ್ಲ ರುಚಿ.

ಶೀತ ಹೋಯಿತೇ? ಹೋಯಿತು, ಅದು ಹೋಗುವ ಹೊತ್ತಿಗೆ. ಆದರೆ ಈ ಔಷಧಿಯ ನಂಬಿಕೆ ಮಲೆನಾಡಿನದು ಮಾತ್ರವಲ್ಲ. ಒಡಿಶಾದಲ್ಲೂ ಬಸ್ತರಿನಲ್ಲೂ ಶೀತ, ಕೆಮ್ಮು, ಜ್ವರಕ್ಕೆ ಇದೇ ಇರುವೆಯ ಚಟ್ನಿ. ಕೋವಿಡ್‌ಗೂ ಇದನ್ನೇ ಔಷಧಿಯಾಗಿ ಬಳಸಲು ಆದೇಶಿಸಿ ಎಂದು ಒಡಿಶಾದಿಂದ ಹೊರಟ ಅರ್ಜಿಯೊಂದು 2021ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಮನೆಮದ್ದನ್ನು ದೇಶಕ್ಕೆಲ್ಲ ಕಟ್ಟುವುದಕ್ಕೆ ಆಗುವುದಿಲ್ಲವೆಂದು ನ್ಯಾಯಾಲಯ ಅದನ್ನು ವಾಪಸು ಕಳಿಸಿತು. ಸರಿಯಾದ ತೀರ್ಪು. ಚಟ್ನಿಯನ್ನು ಚಟ್ನಿ ಎಂದು ತಿನ್ನಬೇಕು.

ಆ ಹುಳಿಯ ಮೂಲ ಫಾರ್ಮಿಕ್ ಆಮ್ಲ. ಚಗಳಿಗೆ ಚುಚ್ಚುವ ಕೊಂಡಿಯಿಲ್ಲ. ದವಡೆಯಿಂದ ಚರ್ಮ ಕಚ್ಚಿ ಗಾಯ ಮಾಡಿ, ಬಾಲದ ತುದಿಯನ್ನು ಆ ಕಡೆಗೆ ಬಾಗಿಸಿ ಗಾಯದ ಮೇಲೆ ಆಮ್ಲ ಚಿಮುಕಿಸುತ್ತದೆ. ಇರುವೆಯಲ್ಲಿ ಇಂಥದೊಂದು ಹುಳಿರಸವಿದೆಯೆಂದು 1671ರಲ್ಲಿ ಇಂಗ್ಲೆಂಡಿನ ಜಾನ್ ರೇ ಪ್ರಕಟಿಸಿದ. ನೀಲಿ ಹೂವನ್ನು ಇರುವೆ ಗೂಡಿನ ಮೇಲೆ ಹಾಕಿದರೆ ಅದು ಕೆಂಪಾಗುತ್ತದೆ ಎಂಬುದು ಆ ಬರಹದ ಒಂದು ಸ್ವಾರಸ್ಯ. ಇದನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗಿ ಉದ್ದ ಕೋಲಿನ ತುದಿಗೆ ಶಂಖಪುಷ್ಪ ಸಿಕ್ಕಿಸಿ ಚಗಳಿ ಗೂಡಿಗೆ ತಾಗಿಸಿದೆವು. ಕಡುನೀಲಿಯ ಮೇಲೆ ಕೆನ್ನೇರಳೆ ಚುಕ್ಕೆಗಳು ಬಿದ್ದವು. ಕೋಲು ಹಿಡಿದಿದ್ದ ಹುಡುಗನ ಕೈಮೇಲೂ ಕೆಲವು ಬಿದ್ದವು; ವಿಜ್ಞಾನಕ್ಕಾಗಿ ಸಹಿಸಿಕೊಂಡ. ಇದೇ ಆಮ್ಲವನ್ನು ಸುಳ್ಯ, ಪುತ್ತೂರಿನ ರಬ್ಬರ್ ತೋಟದವರು ಕ್ಯಾನುಗಟ್ಟಲೆ ಕೊಳ್ಳುತ್ತಾರೆ. ಹಾಲು ಹೆಪ್ಪುಗಟ್ಟಿ ಶೀಟ್ ಆಗಬೇಕಾದರೆ ಅದು ಬೇಕು. ಅದು ಕುದಿಯುವುದು ಸುಮಾರು ನೂರು ಡಿಗ್ರಿಗೆ, ಹೆಚ್ಚುಕಡಿಮೆ ನೀರಿನಂತೆ. ಹಾಗಾಗಿ ಬಾಣಲೆಯಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಹುಳಿಯೆಲ್ಲ ಅಡುಗೆಮನೆಯ ಮಾಡಿಗೆ ಏರಿಹೋಗುತ್ತದೆ. ಒಂದು ಉರಿ ಸಾಕು ಎಂದು ಅಮ್ಮ ಹೇಳುತ್ತಿದ್ದುದಕ್ಕೆ ಈ ಕಾರಣವೂ ಸೇರಿರಬಹುದು.

ಚಗಳಿಯ ಚರಿತ್ರೆ ಹುಡುಕುತ್ತಾ ಹೋದರೆ ಅದು ಅಡುಗೆಮನೆಯಿಂದ ಹೊರಬಿದ್ದು ತೋಟಕ್ಕೆ ಹೋಗುತ್ತದೆ, ಅದೂ ಚೀನಾದ ತೋಟಕ್ಕೆ. ಕ್ರಿ.ಶ. 304ರಲ್ಲಿ ಜಿ ಹಾನ್ ಎಂಬಾತ ದಕ್ಷಿಣದ ಗಿಡಮರಗಳ ಬಗ್ಗೆ ಬರೆದ ಪುಸ್ತಕದಲ್ಲಿ, ಅಲ್ಲಿಯ ಸಂತೆಗಳಲ್ಲಿ ಇರುವೆ ಗೂಡುಗಳನ್ನು ಹುಲ್ಲುಚಾಪೆಯ ಚೀಲದಲ್ಲಿ ತುಂಬಿ ಮಾರುತ್ತಿದ್ದುದನ್ನು ಹೇಳಿದ್ದಾನೆ. ತಿನ್ನುವುದಕ್ಕಲ್ಲ. ಕಿತ್ತಳೆ ಮರಕ್ಕೆ ಕಟ್ಟುವುದಕ್ಕೆ. ಆ ಇರುವೆ ಇಲ್ಲದ ಮರದ ಹಣ್ಣೆಲ್ಲ ಹುಳದ ಪಾಲು ಎಂಬುದು ರೈತರ ಅನುಭವ. ಮುಂದೆ ಅಲ್ಲಿಯವರು ಮರದಿಂದ ಮರಕ್ಕೆ ಬಿದಿರಿನ ಸೇತುವೆ ಕಟ್ಟಿ ಇರುವೆಗಳ ಓಡಾಟಕ್ಕೆ ದಾರಿ ಮಾಡಿಕೊಟ್ಟರು. ಒಂದು ಹುಳುವಿನಿಂದ ಇನ್ನೊಂದನ್ನು ಹತೋಟಿಯಲ್ಲಿಡುವ ಕೃಷಿಯ ಅತಿ ಹಳೆಯ ದಾಖಲೆಯೆಂದು ಇದನ್ನೇ ತೋರಿಸುತ್ತಾರೆ. ಉತ್ತರ ಆಸ್ಟ್ರೇಲಿಯಾದ ಗೇರುತೋಟಗಳಲ್ಲಿ ಇತ್ತೀಚಿನ ಸಂಶೋಧಕರೂ ಚಗಳಿಯನ್ನೇ ಕಾವಲಿಗೆ ಬಿಟ್ಟು ಟೀ ಸೊಳ್ಳೆ ಎಂಬ ತಿಗಣೆಯ ಕಾಟ ತಗ್ಗಿಸಿ ತೋರಿಸಿದ್ದಾರೆ.

ಈ ಚೀನಾದ ಕಥೆಯನ್ನು ಉತ್ಸಾಹದಿಂದ ಗೌಡರಿಗೆ ಹೇಳಿದೆ. ಅವರು ಕಾಫಿ ಕೊಯ್ಲಿನ ದಿನಗಳಲ್ಲಿದ್ದರು. "ಅಲ್ಲಿ ಕಟ್ತಾರಂತಾ? ಹಾಗಾದ್ರೆ ನಮ್ಮ ತೋಟದ್ದೂ ತಗೊಂಡು ಹೋಗ್ಲಿ ಮೇಷ್ಟ್ರೆ, ದುಡ್ಡು ಬೇಡ" ಎಂದರು. ಅವರ ಕಷ್ಟ ಅವರಿಗೆ. ಚಗಳಿ ಇರುವ ಕಾಫಿ ಗಿಡಕ್ಕೆ ಹೆಣ್ಣಾಳುಗಳು ಕೈಹಾಕುವುದಿಲ್ಲ. ಸಾಲದ್ದಕ್ಕೆ, ಗಿಡದ ರಸ ಹೀರುವ ಹಿಟ್ಟುತಿಗಣೆಗಳು ಒಸರುವ ಸಿಹಿ ಅಂಟಿನ ಆಸೆಗೆ ಚಗಳಿ ಅವುಗಳನ್ನು ಸಾಕಿಕೊಳ್ಳುತ್ತದೆ. ಕಿತ್ತಳೆಗೆ ಪೊಲೀಸ್, ಕಾಫಿಗೆ ಕಳ್ಳರ ಪಾಲುದಾರ. ಅಮ್ಮ ಮಾತ್ರ ಎರಡನ್ನೂ ಒಪ್ಪುತ್ತಿದ್ದರು: "ಚಗಳಿ ಇದ್ದ ಮರದ ಕಾಯಿ ಚಂದ. ಹತ್ತಿ ಕೊಯ್ಯೋರು ಬೇಕಲ್ಲ!"

ನಾನು ರಜೆಗೆ ಊರಿಗೆ ಹೋದಾಗ ಇರುವೆ ತಿಂದ ಸುದ್ದಿ ಹೇಳಿದೆ. ನನ್ನ ಅವ್ವ ಬಹಳ ಹೊತ್ತು ಸುಮ್ಮನಿದ್ದು, "ಹೆಣ್ಣಿನ ಕಡೆಯೋರ ಹತ್ರ ಮಾತ್ರ ಹೇಳಬ್ಯಾಡ ಕಣಪ್ಪ" ಎಂದಳು. ಆಗ ಅದು ಮುಚ್ಚಿಡಬೇಕಾದ ಊಟ. ಈಗ ಕಾಲ ತಿರುಗಿದೆ. 2010ರಲ್ಲಿ ಗಾರ್ಡನ್ ರಾಮ್ಸೆ ಎಂಬ ಬ್ರಿಟನ್ನಿನ ಹೆಸರಾಂತ ಬಾಣಸಿಗ ಟೀವಿಗಾಗಿ ಬಸ್ತರಿಗೆ ಬಂದು ಇರುವೆ ಚಟ್ನಿ ತಿಂದು ಹೋದ. ಕೋಪನ್‌ಹೇಗನ್ನಿನ ನೋಮಾ ಹೋಟೆಲಿನಲ್ಲಿ ಇರುವೆ ಉದುರಿಸಿದ ತಟ್ಟೆಗೆ ಜನ ತಿಂಗಳುಗಟ್ಟಲೆ ಮುಂಚೆ ಮೇಜು ಕಾಯ್ದಿರಿಸುತ್ತಿದ್ದರು. ಜಗತ್ತಿನಲ್ಲಿ ಸುಮಾರು 200 ಕೋಟಿ ಜನ ಹುಳುಹುಪ್ಪಟೆ ತಿನ್ನುವವರೇ ಎಂದು ವಿಶ್ವಸಂಸ್ಥೆಯ ಆಹಾರ ಸಂಸ್ಥೆ 2013ರಲ್ಲಿ ವರದಿ ಮಾಡಿತು. 2024ರ ಜನವರಿಯಲ್ಲಿ ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ಸಿಮಿಲಿಪಾಲ್ ಕಾಯಿ ಚಟ್ನಿಗೆ (ಅಲ್ಲಿ ಕಾಯಿ ಎಂದರೆ ತೆಂಗಲ್ಲ, ಇದೇ ಇರುವೆ) ಜಿಐ ಟ್ಯಾಗ್ ಸಿಕ್ಕಿತು. ಇರುವೆಗೂ ಮೈಸೂರು ಮಲ್ಲಿಗೆಗೂ ಈಗ ಒಂದೇ ಸರ್ಕಾರಿ ಮರ್ಯಾದೆ. ಮಲೆನಾಡಿನ ಚಗಳಿ ಚಟ್ನಿಯೂ ಆ ಸಾಲಿನಲ್ಲಿ ನಿಲ್ಲಬೇಕಿತ್ತೆಂದು ನನ್ನ ಹಟ, ಆದರೆ ನಮ್ಮ ಕಡೆ ಅದನ್ನು ಇನ್ನೂ ಅವ್ವಂದಿರು ಮುಚ್ಚಿಡುತ್ತಿದ್ದಾರೆ.

ಇರುವೆ ಎಂದರೆ ಮುಖ ಕಿವುಚುವ ನನ್ನ ನೆಂಟರಿಗೆ ನಾನು ಇನ್ನೊಂದು ಮಾತನ್ನೂ ಹೇಳುವುದುಂಟು, ಊಟ ಆದ ಮೇಲೆ. ಗುಲಾಬಿ ಬಣ್ಣದ ಎಷ್ಟೋ ಸಿಹಿತಿಂಡಿ, ಐಸ್‌ಕ್ರೀಮಿಗೆ ಆ ಬಣ್ಣ ಬರುವುದು ಪಾಪಾಸುಕಳ್ಳಿಯ ಮೇಲೆ ಸಾಕಿ, ಒಣಗಿಸಿ, ಪುಡಿ ಮಾಡಿದ ಕಾಚಿನೀಲ್ ಎಂಬ ಹುಳದಿಂದ. ಸ್ಟಾರ್‌ಬಕ್ಸ್‌ನವರು ಅಮೆರಿಕದಲ್ಲಿ ಅದನ್ನು ಸ್ಟ್ರಾಬೆರಿ ಪಾನೀಯಕ್ಕೆ ಹಾಕುತ್ತಿದ್ದು, 2012ರಲ್ಲಿ ಗಲಾಟೆಯಾದ ಮೇಲೆ ಬಿಟ್ಟರು. ಮಿಠಾಯಿ, ಮಾತ್ರೆಗಳ ಮೇಲಿನ ಹೊಳಪಿಗೆ ಅರಗಿನ ಹುಳದ ಕೃಪೆ; ಚನ್ನಪಟ್ಟಣದ ಗೊಂಬೆಗೆ ಮೆರುಗು ಕೊಡುವುದೂ ಅದೇ. ನೂರು ಗ್ರಾಂ ಚಾಕೊಲೇಟಿನಲ್ಲಿ ಕೀಟದ ಚೂರು ಸರಾಸರಿ 60 ತಲುಪುವವರೆಗೆ ಅಮೆರಿಕ ಸರ್ಕಾರಕ್ಕೆ ತಕರಾರಿಲ್ಲ. ಹುಳ ಕಾಣದಂತಿದ್ದರೆ ನಮಗೂ ತಕರಾರಿಲ್ಲ.

ಈಗ ನಾನು ನಿವೃತ್ತ. ತುಮಕೂರಿನಲ್ಲಿ ಮನೆ. ಸಂಜೆ ವಾಕಿಂಗ್ ಹೋಗುವ ದಾರಿಯಲ್ಲೊಂದು ಶಾಲೆ, ಅದರ ಗೇಟಿನೆದುರು ಗೋಬಿ ಮಂಚೂರಿ ಗಾಡಿ. ಹೂಕೋಸಿಗೆ ಅಂಥ ಕೆಂಪು ದೇವರು ಕೊಟ್ಟದ್ದಲ್ಲ. ಮೊಮ್ಮಗನ ಒತ್ತಾಯಕ್ಕೆ ಒಂದು ಪ್ಲೇಟ್ ತಿಂದೆ. ಕೈ ತೊಳೆದೆ, ಸೋಪು ಹಾಕಿ ತೊಳೆದೆ, ಮಾರನೆಯ ದಿನವೂ ಬೆರಳು ಕೆಂಪಗೇ ಇತ್ತು. ಬದುಕಿನಲ್ಲಿ ತಿಂದ ಅತಿ ವಿಚಿತ್ರವಾದ, ಅತಿ ಕೆಟ್ಟ ತಿನಿಸು ಯಾವುದೆಂದು ಈಗ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ, ಇರುವೆಯನ್ನಲ್ಲ. ಒಡಿಶಾದ ಇರುವೆ ಚಟ್ನಿಗೆ ಮಾನ್ಯತೆ ಸಿಕ್ಕಿದ ಅದೇ 2024ರಲ್ಲಿ, ಮಾರ್ಚ್ 11ರಂದು, ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆಗೆ ಒಯ್ದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಬಣ್ಣವಿತ್ತು. ಆಗ ಸಿಕ್ಕಿದ ಬಣ್ಣಗಳ ಪೈಕಿ ರೋಡಮಿನ್-ಬಿ ಬಟ್ಟೆಗೆ ಹಾಕುವಂಥದ್ದು. ಚಗಳಿ ಚಟ್ನಿಗೆ ಬಣ್ಣ ಹಾಕುವ ಪದ್ಧತಿ ಮಲೆನಾಡಿನಲ್ಲಿ ಇನ್ನೂ ಶುರುವಾಗಿಲ್ಲ.